ಪದ ಪರಿಚಯ: ರಿಜಿಸ್ಟ್ರಿ ಒಳಗಿನ ‘ಆರ್ಟಿಫ್ಯಾಕ್ಟ್’ ಅಂದ್ರೆ ಏನು

ಕಳೆದ ವಾರ ಬೆಳ್ಳಂದೂರಲ್ಲಿ ಆಫೀಸ್ ಕೆಳಗಡೆ ಟೀ ಕುಡೀತಿದ್ದಾಗ, ಟೀಮಿಗೆ ಹೊಸದಾಗಿ ಸೇರಿರೋ ಹುಡುಗಿ ಕೇಳಿದ್ಲು, ‘ಹಾರ್ಬರ್ ಒಳ್ಳೇದಾ, ಓರಾಸ್ ಒಳ್ಳೇದಾ, ಯಾವ್ದು ಹಾಕೋಣ?’ ಅಂತ. ಇದು ಯಶವಂತಪುರದ ಗೋಡೌನ್ ಒಳ್ಳೇದಾ ಲಗೇಜ್ ಆಟೋ ಒಳ್ಳೇದಾ ಅಂತ ಕೇಳಿದ ಹಾಗಾಯ್ತು. ಹಾರ್ಬರ್ ಸಾಮಾನು ಇಡೋ ಜಾಗ, ಅದನ್ನೇ ರಿಜಿಸ್ಟ್ರಿ ಅನ್ನೋದು, ಓರಾಸ್ ಸಾಮಾನು ತಂದು ಹಾಕೋ ಗಾಡಿ. ಆದ್ರೆ ತಪ್ಪು ಅವಳದ್ದಲ್ಲ, ಎಲ್ಲ ಕಡೆ ಇವನ್ನ ಒಂದೇ ಸಾಲಲ್ಲಿ ನಿಲ್ಲಿಸಿ ಹೋಲಿಸ್ತಾರೆ, ಮತ್ತೆ ಆರ್ಟಿಫ್ಯಾಕ್ಟ್ ಅನ್ನೋ ಪದಾನ ಯಾರೂ ನಿಂತು ವಿವರಿಸಲ್ಲ.

ಅಗೆದು ತೆಗೆದ ಮಡಿಕೆ, ನಾಣ್ಯ, ಅಂದ್ರೆ ಮನುಷ್ಯ ಕೈಯಿಂದ ಮಾಡಿದ ವಸ್ತು, ಇದು ಪದದ ಹಳೇ ಅರ್ಥ. ನಮ್ಮ ಕೆಲಸದಲ್ಲಿ ಬಿಲ್ಡ್, ಅಂದ್ರೆ ಕೋಡನ್ನ ಓಡೋ ಸಾಫ್ಟ್‌ವೇರ್ ಮಾಡೋ ಕೆಲಸ, ಮುಗಿದ ಮೇಲೆ ಕೈಗೆ ಸಿಗೋದೆಲ್ಲ ಆರ್ಟಿಫ್ಯಾಕ್ಟೇ: ನೇರ ಓಡೋ ಬೈನರಿ ಫೈಲ್, ಕುಬರ್ನೆಟಿಸ್‌ನಲ್ಲಿ (ತುಂಬಾ ಕಂಪ್ಯೂಟರ್ ಮೇಲೆ ಕಂಟೇನರ್ ನಡೆಸೋ ಸಾಫ್ಟ್‌ವೇರ್) ಆಪ್ ಹಾಕೋ ಪ್ಯಾಕೇಜ್ ಆದ ಹೆಲ್ಮ್ ಚಾರ್ಟ್, ಒಳಗೆ ಯಾವ್ಯಾವ ಲೈಬ್ರರಿ ಇದೆ ಅಂತ ಹೇಳೋ ಎಸ್‌ಬಾಮ್ ಪಟ್ಟಿ, ಡಿಜಿಟಲ್ ಸಹಿ, ಮಷೀನ್ ಲರ್ನಿಂಗ್ ಮಾಡೆಲ್. ಕಂಟೇನರ್ ಇಮೇಜ್, ಅಂದ್ರೆ ಆಪು, ಅದು ಓಡಕ್ಕೆ ಬೇಕಾದ್ದು ಎಲ್ಲ ಸೇರಿಸಿ ಕಟ್ಟಿದ ಪೊಟ್ಟಣ, ಕೂಡ ಅದರಲ್ಲಿ ಒಂದು ಅಷ್ಟೇ.

ಇವೆಲ್ಲ ಇಮೇಜ್ ಇಡೋ ರಿಜಿಸ್ಟ್ರೀಲೇ ಹೇಗೆ ಹಿಡಿಸ್ತವೆ ಅಂದ್ರೆ, ರಿಜಿಸ್ಟ್ರಿಗೆ ಗೊತ್ತಿರೋದು ಮೂರೇ ವಿಷಯ. ಬ್ಲಾಬ್ ಅಂದ್ರೆ ಮೂಟೆ, ಒಳಗೇನಿದೆ ಅಂತ ಅದು ಬಿಚ್ಚಿ ನೋಡಲೇಬೇಕು ಅಂತಿಲ್ಲ. ಮ್ಯಾನಿಫೆಸ್ಟ್ ಅಂದ್ರೆ ಯಾವ್ಯಾವ ಮೂಟೆ ಸೇರಿ ಒಂದು ಸಾಮಾನು ಅಂತ ಬರೆದ ಜೇಸನ್ ಚೀಟಿ. ಟ್ಯಾಗ್ ಅಂದ್ರೆ ಚೀಟಿಗೆ ನಾವಿಟ್ಟ ಹೆಸರು, ಇವತ್ತು ಒಂದಕ್ಕೆ ಅಂಟಿಸಿ ನಾಳೆ ಇನ್ನೊಂದಕ್ಕೆ ಅಂಟಿಸಬಹುದು, ಅದಕ್ಕೇ ಟ್ಯಾಗ್ ನಂಬ್ಕೊಂಡು ಪ್ರೊಡಕ್ಷನ್‌ಗೆ (ಗ್ರಾಹಕರು ನಿಜವಾಗಿ ಬಳಸೋ ಸಿಸ್ಟಮ್‌ಗೆ) ಹೋಗ್ಬೇಡಿ ಅಂತ ನಾನು ಬಡ್ಕೊಳ್ಳೋದು. ನಂಬಬೇಕಾಗಿರೋದು ಡೈಜೆಸ್ಟು, ಅಂದ್ರೆ ಶಾ256 ಲೆಕ್ಕದಿಂದ ಬರೋ 64 ಅಕ್ಷರದ ಗುರುತು, ಮೂಟೆಯ ಹೆಬ್ಬೆಟ್ಟು ಅಂತಾನೇ ಇಟ್ಕೊಳಿ, ಒಳಗೆ ಒಂದು ಬಿಟ್ ಬದಲಾದ್ರೂ ಅದು ಬೇರೆ ಆಗ್ಬಿಡತ್ತೆ.

ಈ ನಿಯಮ ಎಲ್ಲ ಬರೆಯೋದು 2015ರಲ್ಲಿ ಶುರುವಾದ ಓಪನ್ ಕಂಟೇನರ್ ಇನಿಶಿಯೇಟಿವ್, ಚಿಕ್ಕದಾಗಿ ಓಸಿಐ. ರಿಜಿಸ್ಟ್ರಿಗೆ ತಳ್ಳೋದು (ಪುಶ್), ಅಲ್ಲಿಂದ ಎಳೆಯೋದು (ಪುಲ್) ಹೇಗೆ ಅನ್ನೋ ನಿಯಮಾವಳಿ, ಡಿಸ್ಟ್ರಿಬ್ಯೂಷನ್ ಸ್ಪೆಕ್ 1.0, ಬಂದಿದ್ದು 2021ರಲ್ಲಿ. ಆದ್ರೆ ಆರ್ಟಿಫ್ಯಾಕ್ಟ್ ಪದಕ್ಕೆ ನಿಜವಾದ ತೂಕ ಬಂದಿದ್ದು 2024ರಲ್ಲಿ ಈ ಸ್ಪೆಕ್ಕು, ಇಮೇಜ್ ಸ್ಪೆಕ್ಕು ಎರಡರದ್ದೂ 1.1 ಬಂದಾಗ, ಯಾಕಂದ್ರೆ ಮ್ಯಾನಿಫೆಸ್ಟ್ ಒಳಗೆ ‘ಇದು ಯಾವ ಜಾತಿ ಸಾಮಾನು’ ಅಂತ ಹೇಳೋ ಆರ್ಟಿಫ್ಯಾಕ್ಟ್‌ಟೈಪ್ ಬಂತು, ‘ಇದು ಯಾವುದಕ್ಕೆ ಸೇರಿದ್ದು’ ಅಂತ ಹೇಳೋ ಸಬ್ಜೆಕ್ಟ್ ಬಂತು. ಅದಕ್ಕೆ ಮುಂಚೆ ಕೋಸೈನ್ ಥರದ ಟೂಲ್‌ಗಳು ಸಹೀನ ಇಮೇಜಿಗೆ ಸೇರಿಸಕ್ಕೆ ಇಮೇಜಿನ ಡೈಜೆಸ್ಟನ್ನೇ ಟ್ಯಾಗ್ ಹೆಸರಾಗಿ ಬರೆದು ಪಕ್ಕದಲ್ಲಿ ಇಡ್ತಿದ್ವು. ಈಗ ರೆಫರರ್ಸ್ ಎಪಿಐ ಅನ್ನೋ ದಾರೀಲಿ ಕೇಳಿದ್ರೆ ಆ ಇಮೇಜಿಗೆ ಏನೇನು ತಗುಲಿಕೊಂಡಿದೆ ಅಂತ ರಿಜಿಸ್ಟ್ರೀನೇ ಹೇಳತ್ತೆ.

ಇನ್ನು ಟೂಲ್‌ಗಳು. ಇಡೋ ಜಾಗಕ್ಕೆ ಕಂಟೇನರ್ ಟೂಲ್ ಮಾಡೋ ಡಾಕರ್‌ನಿಂದ ಬಂದ ಡಿಸ್ಟ್ರಿಬ್ಯೂಷನ್ (ಮೇಲಿನ ಸ್ಪೆಕ್ ಅಲ್ಲ, ಅದೇ ಹೆಸರಿನ ರಿಜಿಸ್ಟ್ರಿ) ತೀರಾ ಸರಳ, ಕ್ಲಿಕ್ ಮಾಡೋ ಪರದೆ ಇಲ್ಲ, ಮತ್ತೆ ಅದರ ಗಾರ್ಬೇಜ್ ಕಲೆಕ್ಷನ್, ಅಂದ್ರೆ ಬೇಡದ ಮೂಟೆ ಅಳಿಸೋ ಕೆಲಸ, ಓಡಿಸುವಾಗ ರಿಜಿಸ್ಟ್ರೀನ ರೀಡ್-ಓನ್ಲಿ ಮಾಡ್ಬೇಕು ಇಲ್ಲಾ ನಿಲ್ಲಿಸ್ಬೇಕು, ಇಲ್ಲಾಂದ್ರೆ ಅದೇ ಹೊತ್ತಲ್ಲಿ ಯಾರೋ ತಳ್ಳುತ್ತಿರೋ ಲೇಯರ್ (ಇಮೇಜಿನ ಒಂದು ಮೂಟೆ) ಕಸದ ಜೊತೆ ಹೋಗ್ಬಹುದು. ಹಾರ್ಬರ್ ಇದರ ಮೇಲೇ ಕಟ್ಟಿರೋದು, ವಿಎಂವೇರ್‌ನಲ್ಲಿ ಹುಟ್ಟಿ 2020ರಲ್ಲಿ ಸಿಎನ್‌ಸಿಎಫ್ (ಕ್ಲೌಡ್ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನ ನೋಡ್ಕೊಳ್ಳೋ ಸಂಸ್ಥೆ) ಗ್ರಾಜುಯೇಟ್, ಅಂದ್ರೆ ಪಕ್ವ ಪ್ರಾಜೆಕ್ಟ್, ಆಯ್ತು, ಯಾರು ಏನು ಮುಟ್ಟಬಹುದು ಅನ್ನೋ ಹಿಡಿತ, ಭದ್ರತಾ ದೋಷ ಹುಡುಕೋ ಟ್ರಿವಿ ಸ್ಕ್ಯಾನ್, ಬೇರೆ ರಿಜಿಸ್ಟ್ರಿಗೆ ನಕಲು ಕಳಿಸೋ ರೆಪ್ಲಿಕೇಷನ್ ಎಲ್ಲ ಕೊಡತ್ತೆ. ಆದ್ರೆ ಪೋಸ್ಟ್‌ಗ್ರೆಸ್, ರೆಡಿಸ್ ಅನ್ನೋ ಡೇಟಾಬೇಸ್‌ ಎಲ್ಲ ಜೊತೆಗೆ ಬರತ್ತೆ, ಕನಿಷ್ಠ ಅಂದ್ರೂ 2 ಸಿಪಿಯು, 4 ಜಿಬಿ ರ‍್ಯಾಮ್ ಬೇಕು, ಅದನ್ನ ನೋಡ್ಕೊಳಕ್ಕೆ ಜನಾನೂ ಬೇಕು. ನನಗೆ ಇಷ್ಟ ಆಗಿರೋದು ಝಾಟ್, ಸಿಸ್ಕೋದಲ್ಲಿ ಶುರುವಾಗಿದ್ದು, ಒಂದೇ ಬೈನರಿ, ಓಸಿಐ ನಿಯಮ ಬಿಟ್ಟು ಆಚೆಈಚೆ ಹೋಗಲ್ಲ. ಎಷ್ಟು ಕಟ್ಟುನಿಟ್ಟು ಅಂದ್ರೆ ಹಳೇ ಡಾಕರ್ ಮಾದರಿಯ ಮ್ಯಾನಿಫೆಸ್ಟ್ ಬೇಕಂದ್ರೆ ಕಾನ್ಫಿಗ್‌ನಲ್ಲಿ ಬೇರೆಯಾಗಿ ಅನುಮತಿ ಕೊಡ್ಬೇಕು, ಇದು ಗೊತ್ತಿಲ್ದೇ ಮೊದಲ ದಿನ ಪುಶ್ ಫೇಲ್ ಆದ್ರೆ ಗಾಬರಿ ಆಗ್ಬೇಡಿ.

ತಂದು ಹಾಕಕ್ಕೆ ಓರಾಸ್. ಯಾವ ಫೈಲ್ ಬೇಕಾದ್ರೂ ತಳ್ಳತ್ತೆ, ಅಟ್ಯಾಚ್ ಅಂದ್ರೆ ಇಮೇಜಿಗೆ ಕಟ್ಟತ್ತೆ, ರಿಕರ್ಸಿವ್ ಆಗಿ ಕಾಪಿ ಮಾಡಿದ್ರೆ ಕಟ್ಟಿರೋದೆಲ್ಲ ಜೊತೆಗೇ ಹೋಗತ್ತೆ. ಚಾರ್ಟ್ ಮಾತ್ರ ಇದ್ರೆ, 3.8ರಿಂದ ಈಚೆಗೆ ಓರಾಸ್ ಬೇಡ, ಹೆಲ್ಮ್ ಒಂದೇ ಸಾಕು.

ಹಂಚೋದು ಮೂರನೇ ಕೆಲಸ, ಇದನ್ನ ಎಲ್ಲರೂ ಮರೀತಾರೆ. ಬೆಳಗ್ಗೆ ಇಡೀ ಬಡಾವಣೆ ಒಂದೇ ನಂದಿನಿ ಬೂತ್ ಮುಂದೆ ನಿಂತ್ರೆ ಹೇಗೋ, ನೂರಾರು ನೋಡ್ (ಕ್ಲಸ್ಟರ್ ಅನ್ನೋ ಗುಂಪಿನ ಒಂದೊಂದು ಕಂಪ್ಯೂಟರ್) ಒಟ್ಟಿಗೆ ಒಂದೇ ದೊಡ್ಡ ಇಮೇಜ್ ಎಳೆದ್ರೆ ರಿಜಿಸ್ಟ್ರಿಗೂ ಅದೇ ಪಾಡು. ಡ್ರ್ಯಾಗನ್‌ಫ್ಲೈನಲ್ಲಿ ಒಂದು ನೋಡ್ ತಗೊಂಡ ತುಂಡನ್ನ ಇನ್ನೊಂದು ನೋಡ್ ಅದರಿಂದಾನೇ ಇಸ್ಕೊಳ್ಳತ್ತೆ, ಸ್ಪೀಗೆಲ್ ಅದನ್ನೇ ಕುಬರ್ನೆಟಿಸ್ ಕ್ಲಸ್ಟರ್ ಒಳಗೆ, ಕಂಟೇನರ್ ಓಡಿಸೋ ಕಂಟೇನರ್‌ಡಿ ಇದ್ರೆ, ಬೇರೆ ಸ್ಟೋರೇಜ್ ಕೇಳದೇ ಮಾಡತ್ತೆ. ಹತ್ತು ನೋಡ್ ಇರೋರಿಗೆ ಎರಡೂ ಬೇಡ.

ಅವಳಿಗೆ ನಾನು ಹೇಳಿದ್ದು, ಐದು ಜನದ ಟೀಮು, ಸದ್ಯಕ್ಕೆ ಝಾಟ್ ಹಾಕು, ಓರಾಸ್‌ನಿಂದ ತಳ್ಳು, ಸೆಕ್ಯುರಿಟಿಯವರು ಸ್ಕ್ಯಾನು, ಪರ್ಮಿಷನ್ನು ಅಂತ ಕೇಳಿದ ದಿನ ಹಾರ್ಬರ್ ನೋಡೋಣ ಅಂತ. ಸಂಜೆ ಲ್ಯಾಪ್‌ಟಾಪ್ ತಂದು ತೋರಿಸಿದ್ಲು, ಓರಾಸ್ ಡಿಸ್ಕವರ್ ಅನ್ನೋ ಕಮ್ಯಾಂಡ್ ಹೊಡೆದಿದ್ಲು, ಇಮೇಜಿನ ಡೈಜೆಸ್ಟ್ ಕೆಳಗೆ ಎಸ್‌ಬಾಮು, ಟೆಸ್ಟ್ ರಿಪೋರ್ಟು ಎರಡೂ ಮರದ ಕೊಂಬೆ ಥರ ನೇತಾಡ್ತಿದ್ವು.