ಅಡ್ವೆಂಚರರ್: ಮನೆಯಲ್ಲೇ ಕೂತ ಸಾಹಸಿ

ಅಡ್ವೆಂಚರರ್ ಅಂದರೆ ನಮಗೆ ನೆನಪಾಗುವುದು ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವವನು. 17ನೇ ಶತಮಾನದ ಆರಂಭದ ಲಂಡನ್ನಿನಲ್ಲಿ ಈ ಪದಕ್ಕೆ ಬೇರೊಂದು ಅರ್ಥವೂ ಇತ್ತು: ಕಡಲಾಚೆಯ ಉದ್ಯಮಕ್ಕೆ ದುಡ್ಡು ಹಾಕಿ, ತಾನು ಊರಲ್ಲೇ ಉಳಿದವನು. ಅವನು ಪಣಕ್ಕಿಟ್ಟದ್ದು ಗಂಟನ್ನು. ಜೀವ ಪಣಕ್ಕಿಟ್ಟು ಹಡಗು ಹತ್ತಿದವನನ್ನು ಪ್ಲಾಂಟರ್ ಎನ್ನುತ್ತಿದ್ದರು. ಹೊಸ ಉದ್ಯಮಗಳಿಗೆ ಹಾಕುವ ಬಂಡವಾಳವಾದ ಇಂದಿನ ವೆಂಚರ್ ಕ್ಯಾಪಿಟಲ್‌ನ ‘ವೆಂಚರ್’ ಕೂಡ ಇದೇ ಬೇರಿನ ಮಾತು.

ಅಮೆರಿಕದಲ್ಲಿ ವಸಾಹತು ಕಟ್ಟಲು ಹೊರಟ ಲಂಡನ್ನಿನ ವರ್ಜೀನಿಯಾ ಕಂಪನಿಯನ್ನೇ ನೋಡಿ. 1607ರಲ್ಲಿ ಅಲ್ಲಿ ಅದರ ಜೇಮ್ಸ್‌ಟೌನ್ ನೆಲೆ ಶುರುವಾಯಿತು. ಹುಡುಕಿದ ಚಿನ್ನ ಸಿಗಲಿಲ್ಲ. 1609ರಲ್ಲಿ ಕಂಪನಿ ಪಾಲುಗಳನ್ನು ಸಾರ್ವಜನಿಕರ ಮುಂದಿಟ್ಟಿತು: ಒಂದಕ್ಕೆ 12 ಪೌಂಡ್ 10 ಶಿಲಿಂಗ್. ಹಣವಿಲ್ಲದವನು ತಾನೇ ಹೋಗಿ ದುಡಿದರೆ ಅವನ ದೇಹವೇ ಒಂದು ಪಾಲು! ಲಾಭ ಹಂಚುವುದು ಏಳು ವರ್ಷದ ಮೇಲೆ.

ಆಮೇಲೆ ನಡೆದದ್ದು ಅಂಗೈಯಲ್ಲಿ ಆಕಾಶ ತೋರಿಸುವ ಕೆಲಸ. ಹವೆ ಹಿತ, ಮಣ್ಣು ಫಲವತ್ತು, ಕಾಡಿನ ಮರವೆಲ್ಲ ಹಡಗಿಗೆ ಲಾಯಕ್ಕು ಎಂದು ಕರಪತ್ರಗಳು ಬಂದವು. ಪಾದ್ರಿಗಳೂ ಕೈಜೋಡಿಸಿದರು. ವಿಲಿಯಂ ಸೈಮಂಡ್ಸ್ ಎಂಬಾತ ವೈಟ್‌ಚಾಪೆಲ್‌ನಲ್ಲಿ, ತನ್ನ ನಾಡು ಬಿಟ್ಟು ದೇವರು ತೋರಿದ ನೆಲಕ್ಕೆ ಹೊರಟ ಅಬ್ರಹಾಮನ ಕಥೆ ಹಿಡಿದು ಪ್ರವಚನ ಕೊಟ್ಟ. ಹೂಡಿಕೆಗೆ ಪುಣ್ಯದ ಲೇಪ. ಕಂಪನಿಗೆ ರಾಜ ಕೊಟ್ಟ 1609ರ ಸನ್ನದಿನಲ್ಲಿ (ಅಧಿಕಾರಪತ್ರದಲ್ಲಿ) 650ಕ್ಕೂ ಹೆಚ್ಚು ವ್ಯಕ್ತಿಗಳ ಮತ್ತು ಲಂಡನ್ನಿನ 56 ಸಂಘಗಳ ಹೆಸರಿವೆ. ಮೀನು ಮಾರುವವರ ಸಂಘವೂ ಅದರಲ್ಲಿದೆ.

ಅದೇ ಚಳಿಗಾಲ ಜೇಮ್ಸ್‌ಟೌನ್‌ನಲ್ಲಿ ಹಸಿವು, ಕಾಯಿಲೆಗೆ ಸಿಕ್ಕಿ ನೂರಾರು ಜನ ಸತ್ತರು. ಸುದ್ದಿ ಲಂಡನ್ ಮುಟ್ಟಿದ ಮೇಲೆ, ಕಂತು ಕಟ್ಟುತ್ತೇವೆಂದು ಸಹಿ ಹಾಕಿದ್ದ ಎಷ್ಟೋ ಮಂದಿ ಕೈ ಎತ್ತಿದರು. ಕಂಪನಿ ಕೋರ್ಟಿಗೂ ಹೋಯಿತು.

ಕೊನೆಗೆ ಲಾಟರಿ. 1612ರ ಸನ್ನದು ಇದಕ್ಕೆ ಅನುಮತಿ ಕೊಟ್ಟಿತು. ಮೊದಲ ಬಹುಮಾನ, ಅಂದರೆ 4,000 ಕ್ರೌನ್ ಬೆಲೆಯ ಬೆಳ್ಳಿ ಸಾಮಾನು, ಥಾಮಸ್ ಶಾರ್ಪ್ಲಿಸ್ ಎಂಬ ದರ್ಜಿಗೆ ಬಂತು. ಅದನ್ನು ಅವನ ಮನೆಗೆ ಭಾರಿ ಠಾಕುಠೀಕಿನಿಂದ ಕಳಿಸಿಕೊಟ್ಟರು. ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಏಳು ವರ್ಷ ತುಂಬಿದ್ದು 1616ಕ್ಕೆ. ಹಂಚಲು ಹಣವಿರಲಿಲ್ಲ. ಕಂಪನಿ ಪ್ರತಿ ಪಾಲಿಗೆ 50 ಎಕರೆಯಂತೆ ಅಲ್ಲಿನ ಮೂಲನಿವಾಸಿಗಳಾದ ಪೊಹಾಟನ್ ಜನರ ನಾಡಿನ ಭೂಮಿಯನ್ನೇ ಲಾಭಾಂಶವೆಂದು ಕೊಡಹೊರಟಿತು. ಅದನ್ನು ಪಡೆಯಲು ಅಡ್ವೆಂಚರರ್ ಮತ್ತೆ 12 ಪೌಂಡ್ 10 ಶಿಲಿಂಗ್ ಕಟ್ಟಬೇಕಿತ್ತು.