ನಿಲ್ಲಬೇಕೋ, ನಿಲ್ಲಬಾರದೋ: ಟ್ರಯಲ್ಸ್ ಬೈಕ್ ಸವಾರಿಯ ಬಗೆಹರಿಯದ ಜಗಳ

ಟ್ರಯಲ್ಸ್ ಸ್ಪರ್ಧೆಯಲ್ಲಿ ಮೊದಲು ತಲುಪಿದವರು ಗೆಲ್ಲುವುದಿಲ್ಲ. ಬಂಡೆ, ಹಳ್ಳ, ಮರದ ಬೇರು, ಕೆಸರು ಇರುವ ಒಂದು ಪುಟ್ಟ ಹಾದಿಯ ಎರಡೂ ಬದಿಗೆ ಟೇಪು ಕಟ್ಟಿ ಗುರುತು ಮಾಡಿರುತ್ತಾರೆ. ಅದೇ ಸೆಕ್ಷನ್. ಒಳಹೊಕ್ಕ ಸವಾರ ಕಾಲು ನೆಲಕ್ಕೆ ತಾಗಿಸದೆ ಆಚೆ ಬಂದರೆ ಸೊನ್ನೆ. ಒಮ್ಮೆ ಕಾಲೂರಿದರೆ 1 ಅಂಕ ದಂಡ, ಎರಡು ಸಲ ಊರಿದರೆ 2, ಅದಕ್ಕಿಂತ ಹೆಚ್ಚು ಎಷ್ಟು ಸಲ ಊರಿದರೂ 3. ಬಿದ್ದರೆ, ಟೇಪು ದಾಟಿದರೆ, ಕಾಲೂರಿರುವಾಗ ಎಂಜಿನ್ ಆಫ್ ಆದರೆ 5. ದಿನದ ಕೊನೆಗೆ ಯಾರ ದಂಡ ಕಡಿಮೆಯೋ ಅವರದೇ ಗೆಲುವು. ಇಷ್ಟು ಸರಳವಾದ ಲೆಕ್ಕದೊಳಗೆ ಒಂದು ಪ್ರಶ್ನೆ ಮಾತ್ರ ದಶಕಗಳಿಂದ ಸವಾರರನ್ನು ಎರಡು ಪಾಳಯವಾಗಿ ಒಡೆದಿದೆ: ಸೆಕ್ಷನ್ ನಡುವೆ ಬೈಕು ನಿಂತುಬಿಟ್ಟರೆ ಅದಕ್ಕೂ ದಂಡ ಹಾಕಬೇಕೋ, ಬೇಡವೋ?

ಆರಂಭದ ಕಾಲದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ 1909ರಲ್ಲಿ ಶುರುವಾಗಿ ಮುಂದೆ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಎಂದು ಹೆಸರಾದ ಸ್ಪರ್ಧೆಯಾಗಲಿ, ಆಲ್‌ಫ್ರೆಡ್ ಆಂಗಸ್ ಸ್ಕಾಟ್ ತನ್ನ ಕಾರ್ಖಾನೆಯವರಿಗಾಗಿ 1914ರಲ್ಲಿ ಯಾರ್ಕ್‌ಶೈರಿನಲ್ಲಿ ನಡೆಸಿದ ಸ್ಕಾಟ್ ಟ್ರಯಲ್ ಆಗಲಿ, ಪರೀಕ್ಷಿಸಿದ್ದು ಬೈಕಿನ ತಾಳಿಕೆಯನ್ನು. ಈ ಯಂತ್ರ ಈ ಏರು ಹತ್ತುತ್ತದೆಯೋ ಇಲ್ಲವೋ? ನಡುವೆ ನಿಂತಿತೆಂದರೆ ಹತ್ತಲಿಲ್ಲ ಎಂದೇ ಅರ್ಥ. ಹಿಂದೆ ಸಸ್ಪೆನ್ಷನ್ ಇಲ್ಲದ ಭಾರದ ಬೈಕು, ಹಿಡಿತ ಸಾಲದ ಬ್ರೇಕು, ಬೇಗ ಬಿಸಿಯಾಗಿ ಜಾರುವ ಕ್ಲಚ್ಚು. ಇವನ್ನಿಟ್ಟುಕೊಂಡು ಏರಿನಲ್ಲಿ ಕಾಲೂರದೆ ನಿಂತು ಮತ್ತೆ ಹೊರಡುವುದು ಯಾರ ಯೋಚನೆಗೂ ಬಂದಿರಲಿಲ್ಲ.

ಬೈಕು ಹಗುರಾಗತೊಡಗಿದ ಮೇಲೆ ಕಥೆ ಬದಲಾಯಿತು. 500 ಸಿಸಿಯ ಏರಿಯಲ್ ಬೈಕಿನಲ್ಲಿ ಬ್ರಿಟನ್ನಿನ ಎಲ್ಲರನ್ನೂ ಸೋಲಿಸುತ್ತಿದ್ದ ಸ್ಯಾಮಿ ಮಿಲ್ಲರ್ 1964ರ ಕೊನೆಗೆ ಸ್ಪೇನಿನ ಬುಲ್ಟಾಕೋ ಕಂಪನಿ ಸೇರಿ, 244 ಸಿಸಿಯ ಟೂ ಸ್ಟ್ರೋಕ್ ಶೆರ್ಪಾ ಟಿ ಬೈಕನ್ನು ತಿದ್ದಿ ರೂಪಿಸಿದರು. ಮರುವರ್ಷವೇ ಸ್ಕಾಟಿಷ್ ಟ್ರಯಲ್ ಅದರ ಪಾಲಾಯಿತು. ಭಾರದ ಫೋರ್ ಸ್ಟ್ರೋಕ್ ಬೈಕುಗಳ ಯುಗ ಅಲ್ಲಿಗೆ ಮುಗಿಯಿತೆನ್ನಬಹುದು. 1975ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಮೊದಲ ಪಟ್ಟ ಮಾರ್ಟಿನ್ ಲ್ಯಾಂಪ್‌ಕಿನ್‌ಗೆ. ಬೈಕು ಅದೇ ಬುಲ್ಟಾಕೋ.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1979. ಆ ವರ್ಷ ಗೆದ್ದ ಅಮೆರಿಕದ ಬರ್ನಿ ಶ್ರೈಬರ್ ಇಕ್ಕಟ್ಟಾದ ತಿರುವುಗಳನ್ನು ಸುತ್ತಿ ಬರುತ್ತಿರಲಿಲ್ಲ. ಒಂದು ಚಕ್ರವನ್ನು ನೆಲದಿಂದೆತ್ತಿ, ಇನ್ನೊಂದರ ಮೇಲೆ ಇಡೀ ಬೈಕನ್ನೇ ತಿರುಗಿಸಿ ಇಡುತ್ತಿದ್ದರು. ಅದೇ ಹೊತ್ತಿಗೆ ಸ್ಪೇನಿನಲ್ಲಿ ಮಕ್ಕಳು ಸೈಕಲ್ ಟ್ರಯಲ್ಸ್‌ನಲ್ಲಿ ನಿಂತಲ್ಲೇ ಕುಪ್ಪಳಿಸುವುದನ್ನು ಕಲಿಯುತ್ತಿದ್ದರು. ಆ ಗರಡಿಯಿಂದಲೇ ಬಂದ ಜೋರ್ಡಿ ತಾರ್ರೇಸ್ 1987ರಿಂದ 1995ರೊಳಗೆ ಏಳು ಸಲ ವಿಶ್ವ ಚಾಂಪಿಯನ್ ಆದರು. ಬೈಕುಗಳೂ ಜೊತೆಗೇ ಬೆಳೆದವು. ಎಂಬತ್ತರ ದಶಕದ ನಡುವಿನಿಂದಾಚೆಗೆ ಹಿಂದಿನ ಎರಡು ಶಾಕ್ ಅಬ್ಸರ್ಬರ್ ಹೋಗಿ ಒಂದೇ ಬಂತು, ಡ್ರಮ್ ಹೋಗಿ ಡಿಸ್ಕ್ ಬಂತು, ಟ್ಯೂಬಿಲ್ಲದ ರೇಡಿಯಲ್ ಟೈರು ಬಂತು. ಮುಂದೆ ಒಂದೇ ಬೆರಳಲ್ಲಿ ಎಳೆಯಬಹುದಾದ ಹೈಡ್ರಾಲಿಕ್ ಕ್ಲಚ್ಚೂ ಸೇರಿಕೊಂಡಿತು. ಇವತ್ತಿನ ಟ್ರಯಲ್ಸ್ ಬೈಕು ಸುಮಾರು 70 ಕೆಜಿ ತೂಗುತ್ತದೆ. ಕೂರಲು ಸೀಟೇ ಇಲ್ಲ.

ನಿಲ್ಲುವುದು ಹೇಗೆ ಒಂದು ವಿದ್ಯೆಯಾಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಸವಾರ ಮುಂದಿನ ಬ್ರೇಕು ಒತ್ತಿ ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸುತ್ತಾನೆ. ಆಗ ಮುಂದಿನ ಟೈರು ನೆಲ ಮುಟ್ಟುವ ಜಾಗ ಒಂದಿಷ್ಟು ಪಕ್ಕಕ್ಕೆ ಸರಿದು, ತೂಗಿ ನಿಲ್ಲಲು ಆಸರೆ ಸಿಗುತ್ತದೆ. ಕ್ಲಚ್ಚು ಪೂರ್ತಿ ಎಳೆದಿರಬೇಕು, ಮಂಡಿ ಸಡಿಲವಾಗಿರಬೇಕು, ಕಣ್ಣು ಒಂದೆರಡು ಮೀಟರ್ ಮುಂದಿನ ಒಂದು ಕಲ್ಲಿನ ಮೇಲೆ ನೆಟ್ಟಿರಬೇಕು. ಚಕ್ರ ನೋಡಿದರೆ ಬಿದ್ದಂತೆಯೇ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಎತ್ತಿಡಬೇಕೆಂದರೆ ಎರಡೂ ಬ್ರೇಕು ಹಿಡಿದು, ಮಂಡಿ ಮಡಿಸಿ ಸಸ್ಪೆನ್ಷನ್ನನ್ನು ಒಮ್ಮೆ ಅದುಮಬೇಕು. ಅದು ಚಿಮ್ಮಿ ಮೇಲೆ ಬರುವ ಗಳಿಗೆಯಲ್ಲೇ ದೇಹವನ್ನೂ ಮೇಲಕ್ಕೆಳೆದು ಸೊಂಟವನ್ನು ಬೇಕಾದ ಕಡೆಗೆ ನೂಕಬೇಕು. ಹೊಸಬರು ಎಡವುವುದು ಇಲ್ಲೇ. ಚಿಮ್ಮುವ ಮೊದಲೇ ಹ್ಯಾಂಡಲನ್ನು ತೋಳಿನ ಬಲದಿಂದ ಎಳೆಯುತ್ತಾರೆ. ಬೈಕು ಏಳುವುದಿಲ್ಲ, ತೋಳು ಮಾತ್ರ ಸೋಲುತ್ತದೆ.

ಜಗಳ ಹುಟ್ಟಿದ್ದು ಈ ವಿದ್ಯೆಯ ಪರಿಣಾಮದಿಂದ. ಸವಾರ ನಿಂತು, ನಾಲ್ಕು ಸಲ ಕುಪ್ಪಳಿಸಿ, ಬೈಕನ್ನು ಬಂಡೆಗೆ ನೇರ ಮಾಡಿಕೊಳ್ಳಬಲ್ಲ ಎಂದಾದಾಗ ಹಳೆಯ ತಿರುವು, ಹಳೆಯ ಜಾರು ಏರು ಯಾವುದೂ ಅವನಿಗೆ ಕಷ್ಟವೆನಿಸಲಿಲ್ಲ. ಸೆಕ್ಷನ್ ಹಾಕುವವರು ಎತ್ತರವನ್ನು ಹೆಚ್ಚಿಸುತ್ತಾ ಹೋದರು. ಓಡಿಬರಲು ಜಾಗವೇ ಇಲ್ಲದ, ಆಳೆತ್ತರದ ಬಂಡೆಗಳು ಬಂದವು. ಮೇಲಿನ ಹಂತದಲ್ಲಿ ಬೈಕು ಮಗುಚಿದರೆ ಹಿಡಿಯಲು ಸವಾರನ ಪಕ್ಕದಲ್ಲೊಬ್ಬ ಸಹಾಯಕ ನಿಲ್ಲುವುದು ರೂಢಿಯಾಯಿತು. ಟಿವಿಯಲ್ಲಿ, ಒಳಾಂಗಣದಲ್ಲಿ ಇದು ಕಣ್ಣಿಗೆ ಹಬ್ಬ, ಅನುಮಾನವಿಲ್ಲ. ಆದರೆ ವಾರದ ರಜೆಯಲ್ಲಿ ಬೈಕು ಹತ್ತುವ ಐವತ್ತರ ವಯಸ್ಸಿನವರೂ, ಹದಿನಾಲ್ಕರ ಹುಡುಗಿಯೂ ಆ ಬಂಡೆಯ ಬುಡದಲ್ಲಿ ನಿಂತು ನೋಡುವುದಷ್ಟೇ ಆಯಿತು. ಅವರಿಲ್ಲದೆ ಕ್ಲಬ್ಬುಗಳು ಉಳಿಯುವುದಿಲ್ಲ.

ಈ ನಡುವೆ ನಿಯಮವೇನೂ ಒಂದೇ ಆಗಿರಲಿಲ್ಲ. ಕಾಲೂರದೆ ನಿಂತರೆ ತಪ್ಪಿಲ್ಲ, ಕಾಲೂರಿ ನಿಂತರೆ ಮಾತ್ರ 5 ಎಂಬಂಥ ನಡುದಾರಿಗಳೂ ಇದ್ದವು. ಸ್ಕಾಟಿಷ್ ಟ್ರಯಲ್‌ನಂಥ ಹಳೆಯ ಸ್ಪರ್ಧೆಗಳು ನಿಲ್ಲಬಾರದೆಂಬ ಕಡೆಗೇ ವಾಲಿದವು. 2013ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಂ ವಿಶ್ವ ಚಾಂಪಿಯನ್‌ಶಿಪ್‌ಗೂ ನಿಲ್ಲದೆ ಸಾಗುವ ನಿಯಮ ತಂದಾಗ ವಿರೋಧ ಜೋರಾಗಿಯೇ ಎದ್ದಿತು. ಕುಪ್ಪಳಿಸುವುದನ್ನೇ ಬಾಲ್ಯದಿಂದ ಕಲಿತ ಪೀಳಿಗೆಯ ಕೈ ಕಟ್ಟಿದಂತಾಗುತ್ತದೆ ಎಂಬುದು ದೂರು. ಆದದ್ದೇ ಬೇರೆ. 2007ರಿಂದ ಗೆಲ್ಲುತ್ತಿದ್ದ ಟೋನಿ ಬೌ ನಿಯಮ ಬದಲಾದ ಮೇಲೂ ಗೆಲ್ಲುತ್ತಲೇ ಹೋದರು. 2024ರ ಹೊತ್ತಿಗೆ ಅವರದು ಸತತ 18 ಹೊರಾಂಗಣ ಪಟ್ಟ. ನಿಯಮ ಬದಲಾದರೂ ಮೊದಲನೆಯವನು ಯಾರೆಂಬುದು ಬದಲಾಗಲಿಲ್ಲ. ನಿಯಮ ಬದಲಿಸುವುದು ಸೆಕ್ಷನ್ನಿನ ಎತ್ತರವನ್ನು, ಅದರೊಳಗೆ ಇಳಿಯುವ ಧೈರ್ಯ ಮಾಡುವವರ ಸಂಖ್ಯೆಯನ್ನು. ಈ ಕಾರಣಕ್ಕೇ ಕ್ಲಬ್ ಮಟ್ಟದಲ್ಲಿ ನಿಲ್ಲಬಾರದೆಂಬ ನಿಯಮವೇ ಸರಿ ಎಂದು ನಾನು ನಂಬುತ್ತೇನೆ.

ಬೈಕನ್ನು ಸಿದ್ಧಮಾಡುವ ಬಗೆಯೂ ನಿಯಮಕ್ಕೆ ತಕ್ಕಂತೆ ಬೇರೆ. ನಿಲ್ಲದೆ ಸಾಗಲು ಎಂಜಿನ್ ನಿಧಾನಕ್ಕೆ, ಆದರೆ ಕುಗ್ಗದೆ ಎಳೆಯಬೇಕು. ಅದಕ್ಕೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ಗೆ ಹೆಚ್ಚುವರಿ ತೂಕ ಸೇರಿಸುತ್ತಾರೆ, ಆಕ್ಸಲರೇಟರ್‌ಗೆ ನಿಧಾನವಾಗಿ ತೆರೆದುಕೊಳ್ಳುವ ಟ್ಯೂಬ್ ಹಾಕುತ್ತಾರೆ, ಸಾಧ್ಯವಾದಲ್ಲೆಲ್ಲ ಎರಡನೇ ಗೇರಿನಲ್ಲಿ ಹೋಗುತ್ತಾರೆ. ಕುಪ್ಪಳಿಸುವವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಹಗುರ ಫ್ಲೈವೀಲ್, ಚುರುಕು ಆಕ್ಸಲರೇಟರ್, ಕತ್ತರಿಸಿದಂತೆ ಬಿಟ್ಟುಕೊಡುವ ಕ್ಲಚ್ಚು. ಕ್ಲಚ್ಚು ಎಳೆದರೂ ಬೈಕು ತೆವಳುತ್ತಿದ್ದರೆ ನಿಲ್ಲುವ ಮಾತೇ ಇಲ್ಲ. ದಪ್ಪ ಎಣ್ಣೆಯೋ, ಒಂದಕ್ಕೊಂದು ಅಂಟಿದ ಪ್ಲೇಟುಗಳೋ ಎಂದು ಮೊದಲು ನೋಡಿ. ಟೈರಿನ ಗಾಳಿ ಮಾತ್ರ ಇಬ್ಬರಿಗೂ ಒಂದೇ: ಹಿಂದೆ 4ರಿಂದ 5 ಪಿಎಸ್‌ಐ, ಮುಂದೆ 6ರ ಆಸುಪಾಸು. ಅದಕ್ಕಿಂತ ಇಳಿಸಿದರೆ ಕಲ್ಲಿಗೆ ರಿಮ್ ಬಡಿದು ನಜ್ಜಾಗುತ್ತದೆ. ಒಂದು ಪಿಎಸ್‌ಐ ಏರಿದರೂ ಒದ್ದೆ ಬೇರಿನ ಮೇಲೆ ಹಿಡಿತ ಹೋಗುವುದು ಕೈಗೇ ಗೊತ್ತಾಗುತ್ತದೆ. ರಸ್ತೆ ಬೈಕಿನ ಗೇಜು ಇಷ್ಟು ಕೆಳಗಿನ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. 0–15 ಪಿಎಸ್‌ಐ ಗೇಜೇ ಬೇಕು.

ನಿಲ್ಲಬಾರದೆಂಬ ನಿಯಮದ ದೊಡ್ಡ ದೋಷವನ್ನು ಮುಚ್ಚಿಡಬಾರದು. ‘ನಿಂತಿತು’ ಎಂದು ಹೇಳುವುದು ಕಷ್ಟ. ಮುಂದಿನ ಚಕ್ರ ಮೆಟ್ಟಿಲಿನಂಥ ಕಲ್ಲಿಗೆ ತಾಗಿ ಫೋರ್ಕ್ ಕುಗ್ಗುತ್ತದೆ, ಹಿಂದಿನ ಚಕ್ರ ಕೆಸರು ಚಿಮ್ಮಿಸುತ್ತಾ ಇದ್ದಲ್ಲೇ ಸುತ್ತುತ್ತದೆ, ಅರೆಕ್ಷಣ ಬಿಟ್ಟು ಬೈಕು ಹತ್ತಿಬಿಡುತ್ತದೆ. ಅದು ನಿಂತದ್ದೋ, ತಡೆದದ್ದೋ? ಸೆಕ್ಷನ್ ಪಕ್ಕ ನಿಂತು ದಂಡ ಎಣಿಸುವ ಒಬ್ಬ ಅಬ್ಸರ್ವರ್ 5 ಅಂಕ ದಂಡವೆಂದು ಐದೂ ಬೆರಳು ತೋರಿಸಿದರೆ, ಮುಂದಿನ ಸೆಕ್ಷನ್ನಿನವರು ಅಂಥದ್ದನ್ನೇ ಬಿಟ್ಟುಬಿಡುತ್ತಾರೆ. ಸವಾರರ ಸಿಟ್ಟಿಗೆ ಕಾರಣವಿಲ್ಲದಿಲ್ಲ.

ಇದನ್ನು ಕಡಿಮೆ ಮಾಡಲು ಮೊದಲು ಎಚ್ಚರ ವಹಿಸಬೇಕಾದವರು ಸೆಕ್ಷನ್ ಹಾಕುವವರು. ತಿರುವು ಮುಗಿದ ಕೂಡಲೇ ಎತ್ತರದ ಕಲ್ಲು ಇಟ್ಟರೆ ನಿಲ್ಲಲೇಬೇಕಾಗುತ್ತದೆ. ನಡುವೆ ಒಂದೂವರೆ ಬೈಕಿನ ಉದ್ದದಷ್ಟಾದರೂ ಜಾಗ ಬಿಡಿ, ಕಷ್ಟವನ್ನು ಎತ್ತರಕ್ಕಿಂತ ಓರೆ ಇಳಿಜಾರಿನಲ್ಲಿ, ಜಾರುವ ನೆಲದಲ್ಲಿ ಇಡಿ. ಅಬ್ಸರ್ವರ್ ಹಿಂದೆಯೋ ಮುಂದೆಯೋ ನಿಲ್ಲಬಾರದು, ಅಲ್ಲಿಂದ ಚಲನೆ ತಿಳಿಯುವುದಿಲ್ಲ. ಕಷ್ಟದ ಜಾಗಕ್ಕೆ ನೇರ ಪಕ್ಕದಲ್ಲಿ ನಿಂತು, ಟೈರನ್ನೂ ಸವಾರನ ದೇಹವನ್ನೂ ಬಿಟ್ಟು ಮುಂದಿನ ಚಕ್ರದ ಅಚ್ಚನ್ನಷ್ಟೇ ನೋಡಬೇಕು. ಅದರ ಹಿಂದೆ ಕದಲದ ಒಂದು ಗುರುತು, ಒಂದು ಕಲ್ಲಿನ ಅಂಚೋ ಮರದ ಬೊಡ್ಡೆಯೋ, ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅಚ್ಚು ಆ ಗುರುತನ್ನು ದಾಟಿ ಸರಿಯುತ್ತಿದ್ದರೆ, ಎಷ್ಟೇ ನಿಧಾನವಾಗಿರಲಿ, ಬೈಕು ನಡೆಯುತ್ತಿದೆ.