ಬೋರ್‌ನಲ್ಲಿ ಇಲ್ಲದ ನೀರು ಸೆಲ್ಲಾರ್‌ಗೆ ಎಲ್ಲಿಂದ ಬಂತು?

ಪ್ರಶ್ನೆ: ಕೋಲಾರದಲ್ಲಿ ನಮ್ಮ ಸೈಟಿನಲ್ಲಿ 1,200 ಅಡಿ ಕೊರೆಸಿದರೂ ಬೋರ್‌ನಲ್ಲಿ ಬಂದದ್ದು ಬರೀ ಧೂಳು. ಅದೇ ಸೈಟಿನ 9 ಅಡಿ ಆಳದ ಸೆಲ್ಲಾರ್‌ನಲ್ಲಿ ಮಳೆಗಾಲ ಬಂತೆಂದರೆ ಪಾದ ಮುಳುಗುವಷ್ಟು ನೀರು. ಒಳಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. ಒಂದು ವರ್ಷ ತಡೆದಂತೆ ಕಾಣಬಹುದು, ಆಮೇಲೆ ಪೇಂಟ್ ಹಪ್ಪಳದಂತೆ ಉಬ್ಬಿ ಉದುರುತ್ತದೆ. ನೀರು ಹೊರಗಿನಿಂದ ತಳ್ಳುತ್ತಿರುವಾಗ ಒಳಗಿನ ಪೇಂಟ್ ಗೋಡೆಗೆ ಅಂಟಿಕೊಂಡಿರುವುದಾದರೂ ಹೇಗೆ?

ಬೋರ್ ಹುಡುಕುವ ನೀರೇ ಬೇರೆ, ಸೆಲ್ಲಾರ್‌ಗೆ ನುಗ್ಗುವ ನೀರೇ ಬೇರೆ. ನಮ್ಮ ಕಡೆ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಮೊರಂ ಎಂಬ ಗರಸು ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಬೋರ್‌ಗೆ ಬೇಕಾದದ್ದು ಬಂಡೆಯ ಬಿರುಕಿನೊಳಗಿನ ನೀರು. ಮಳೆನೀರಾದರೋ ಮೊರಂವರೆಗೆ ಇಳಿದು, ಬಂಡೆ ತಡೆದಲ್ಲಿ ಅಡ್ಡಕ್ಕೆ ಹರಿಯುತ್ತದೆ. ಸೆಲ್ಲಾರ್‌ಗೆ ಗುಂಡಿ ತೋಡುವಾಗ ಗೋಡೆಯ ಹೊರಗೆ ಎರಡು ಮೂರು ಅಡಿ ಹೆಚ್ಚು ಅಗೆದಿರುತ್ತಾರೆ. ಗೋಡೆ ಎದ್ದ ಮೇಲೆ ಆ ಸಂದಿಗೆ ಸಡಿಲ ಮಣ್ಣು, ಇಟ್ಟಿಗೆ ಚೂರು, ಖಾಲಿ ಸಿಮೆಂಟ್ ಚೀಲ ಎಲ್ಲ ಸೇರುತ್ತದೆ. ಸುತ್ತ ಗಟ್ಟಿ ನೆಲ, ನಡುವೆ ಮೆತ್ತನೆಯ ಮಣ್ಣು: ಅಲ್ಲಿಗೆ ನಿಮ್ಮ ಮನೆ ತೊಟ್ಟಿಯೊಳಗೆ ಇಟ್ಟ ಪೆಟ್ಟಿಗೆಯಾಯಿತು. ತೊಟ್ಟಿಯಲ್ಲಿ 1 ಮೀಟರ್ ನೀರು ನಿಂತರೆ ತಳದಲ್ಲಿ ಪ್ರತಿ ಚದರ ಮೀಟರಿಗೆ 1 ಟನ್ ಒತ್ತಡ. ಆ ಒತ್ತಡಕ್ಕೆ ಮೊದಲು ಬಾಯಿ ಬಿಡುವುದು ನೆಲದ ಕಾಂಕ್ರೀಟು ಮತ್ತು ಗೋಡೆ ಸೇರುವ ಜಾಯಿಂಟು. ಆಮೇಲೆ ಪೈಪು ತೂರಿಸಿದ ತೂತುಗಳು.

ಇನ್ನೊಂದು ಮಾತು. ಬರಗಾಲದ ವರ್ಷಗಳಲ್ಲಿ ಕಟ್ಟಿದವರಿಗೆ ಈ ಯೋಚನೆಯೇ ಬಂದಿರಲಿಲ್ಲ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಲೆಂದೇ ಮಾಡಿದ ಯೋಜನೆ ಅದು. ತುಂಬಿದ ಕೆರೆಯ ಅಚ್ಚುಕಟ್ಟಿನಲ್ಲೋ ಮುಚ್ಚಿಹೋದ ರಾಜಕಾಲುವೆಯ ಮೇಲೋ ಬಡಾವಣೆ ಎದ್ದಿದ್ದರೆ ಮಳೆ ನಿಂತ ಎಷ್ಟೋ ದಿನಗಳ ನಂತರವೂ ಜಿನುಗುತ್ತಿರುತ್ತದೆ. ನಿಮ್ಮ ಸೈಟ್ ಹಿಂದೆ ಏನಾಗಿತ್ತು ಎಂದು ಊರಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಆದರೆ ಮಳೆ, ಕೆರೆಗಳನ್ನು ದೂರುವ ಮೊದಲು ನಾನು ಕೇಳುವುದು ಒಂದೇ: ಸಂಪು ಎಲ್ಲಿದೆ? ಸೆಲ್ಲಾರ್ ಗೋಡೆಗೇ ಒತ್ತಿಕೊಂಡು ಸಂಪು ಕಟ್ಟುವುದು ನಮ್ಮಲ್ಲಿ ಮಾಮೂಲು. ರಾತ್ರಿ ತುಂಬಿಸಿ, ವಾಲ್ವ್ ಮುಚ್ಚಿ, ಮೋಟರ್ ಹಾಕದೆ, ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ ನೀರು ಗೆರೆಯಿಂದ ಕೆಳಗಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ. ಬೇಸಿಗೆಯಲ್ಲೂ ಒದ್ದೆ, ಜೊತೆಗೆ ವಾಸನೆ ಇದ್ದರೆ ಒಳಚರಂಡಿ ಪೈಪು ನೋಡಿಸಿ. ಬರೀ ತೇವವಿದ್ದರೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಮಾಡಿ ಎರಡು ದಿನ ಬಿಡಿ. ಹನಿ ಹಾಳೆಯ ಗೋಡೆಯ ಕಡೆ ಕೂತರೆ ಸೀಪೇಜು, ಅಂದರೆ ಗೋಡೆಯೊಳಗಿಂದ ಜಿನುಗುವ ನೀರು. ಈಚೆ ಕೂತರೆ ಗಾಳಿಯ ತೇವ, ಅದಕ್ಕೆ ಫ್ಯಾನ್ ಸಾಕು.

ರಿಪೇರಿ ಹೊರಗಿನಿಂದ ಶುರುವಾಗಬೇಕು. ತಾರಸಿಯ ಪೈಪು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದೆಯೇ? ಅದನ್ನು ದೂರ ಒಯ್ಯಿರಿ. ಇಂಗುಗುಂಡಿ ಗೋಡೆಯ ಪಕ್ಕದಲ್ಲಿದ್ದರೆ ಅದನ್ನೂ. ಮನೆಯ ಸುತ್ತ ಹೊರಕ್ಕೆ ವಾಟ ಕೊಟ್ಟು ಕಾಂಕ್ರೀಟ್ ಪಟ್ಟಿ ಹಾಕಿಸಿ. ಎಷ್ಟೋ ಮನೆಗಳ ಕಾಯಿಲೆ ಇಷ್ಟಕ್ಕೇ ಅರ್ಧ ಇಳಿಯುತ್ತದೆ. ದುಬಾರಿ ಕೆಮಿಕಲ್ ಮಾರುವವರು ಮಾತ್ರ ಈ ವಿಷಯ ಎತ್ತುವುದಿಲ್ಲ.

ಇಷ್ಟಾದರೂ ಕಾಂಕ್ರೀಟ್ ಗೋಡೆ ಸೋರಿದರೆ, ಸೀಳಿನುದ್ದಕ್ಕೆ ತೂತು ಕೊರೆದು ಪಿಯು (ಪಾಲಿಯುರೆಥೇನ್) ಇಂಜೆಕ್ಷನ್ ಕೊಡುತ್ತಾರೆ. ಆ ರಾಸಾಯನಿಕ ನೀರು ತಾಗಿದ ಕೂಡಲೇ ಉಬ್ಬಿ ಸಂದಿ ಮುಚ್ಚುತ್ತದೆ. ಎಪಾಕ್ಸಿ ಎಂಬ ಗಟ್ಟಿ ಅಂಟು ಬೇಕಾಗುವುದು ಒಣ ಸೀಳಿಗೆ, ಅದೂ ಗೋಡೆಯ ಬಲಕ್ಕೇ ಪೆಟ್ಟು ಬಿದ್ದಿದ್ದರೆ. ಆಗ ಎಂಜಿನಿಯರ್ ನೋಡದೆ ಕೈ ಹಾಕಬೇಡಿ. ಸೈಜುಗಲ್ಲಿನ ಗೋಡೆಯಾದರೆ ಸಂದುಗಳಿಗೆ ಸಿಮೆಂಟ್ ಗ್ರೌಟ್ (ತೆಳು ಸಿಮೆಂಟ್ ಗಂಜಿ) ತುಂಬಿಸುವುದು ವಾಸಿ. ನೆಲದಿಂದಲೇ ಊಟೆ ಎದ್ದರೆ ಅದರೊಡನೆ ಜಗಳ ಬೇಡ: ಗೋಡೆಯಂಚಿಗೆ ಸಣ್ಣ ಕಾಲುವೆ, ಮೂಲೆಯಲ್ಲಿ ಗುಂಡಿ, ನೀರು ಏರಿದಾಗ ತಾನಾಗಿ ಆನ್ ಆಗುವ ಫ್ಲೋಟ್ ಸ್ವಿಚ್ ಇರುವ ಪಂಪು. ಮಳೆ ಬಂದರೆ ಕರೆಂಟ್ ಹೋಗುವ ಊರಲ್ಲವೇ, ಪಂಪಿಗೊಂದು ಬ್ಯಾಟರಿಯೂ ಇರಲಿ. ಪಂಪಿನ ನೀರು ಕೆಂಪಗೆ ಬರುತ್ತಲೇ ಇದ್ದರೆ ಪಾಯದಡಿಯ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ; ಕೂಡಲೇ ನಿಲ್ಲಿಸಿ ಎಂಜಿನಿಯರನ್ನು ಕರೆಸಿ. ನೀರು ನಿಂತಿರುವಾಗ ಕೆಳಗಿಳಿಯುವ ಮುನ್ನ ಮೇನ್ ಆಫ್ ಮಾಡುವುದನ್ನು ಮರೆಯಬೇಡಿ.

ಗೋಡೆಯ ಹೊರಗಿನ ಮಣ್ಣು ಬಗೆದು ಮೆಂಬ್ರೇನ್ (ನೀರು ತಡೆಯುವ ಪದರ) ಹಾಕುವುದೇ ಗಟ್ಟಿ ಮದ್ದು, ಖರ್ಚೂ ಅದಕ್ಕೇ ಹೆಚ್ಚು. ಒಂದೇ ಸಲ ನಾಲ್ಕೂ ಕಡೆ ಅಗೆಯದೆ ತುಂಡು ತುಂಡಾಗಿ ಮಾಡಿಸಿ, ಪಾಯದ ಮಟ್ಟಕ್ಕಿಂತ ಕೆಳಗೆ ಹೋಗಬೇಡಿ. ಆ ಕೆಲಸ ಫೆಬ್ರುವರಿ, ಮಾರ್ಚ್‌ನಲ್ಲಿ. ಪಿಯು ಇಂಜೆಕ್ಷನ್ನಿಗೆ ಮಾತ್ರ ಅಕ್ಟೋಬರ್‌ನಲ್ಲೇ ಕರೆಸಿ, ನೀರು ಯಾವ ಸೀಳಿನಿಂದ ಬರುತ್ತಿದೆ ಎಂದು ಕಣ್ಣಿಗೆ ಕಾಣುತ್ತಿರುವಾಗಲೇ.